ಹರ್ಮೀಸನ ಕೊಲ್ಹಾಪುರಿ ಚಪ್ಪಲಿ

ಮೊನ್ನೆ ನಿಪ್ಪಾಣಿ ಪೇಟೆಯಲ್ಲಿ ಹೊಸ ಕೊಲ್ಹಾಪುರಿ ಚಪ್ಪಲಿ ಕೊಂಡೆ. ಹೆಜ್ಜೆ ಇಟ್ಟರೆ ಸಾಕು, ಕರ್ರ ಕರ್ರ ಎಂದು ಓಣಿಗೆಲ್ಲ ಸಾರುತ್ತವೆ. ಮೊಣಕಾಲು ಹಿಡಿದುಕೊಂಡು ಏಳುವ ಈ ವಯಸ್ಸಿನಲ್ಲಿ ಇಷ್ಟು ಗತ್ತು ನನಗೇಕೆ? ಸದ್ದಡಗಿಸಲೆಂದು ಎಣ್ಣೆ ಶೀಶೆ ಹಿಡಿದು ಕಟ್ಟೆಯ ಮೇಲೆ ಕುಳಿತವಳಿಗೆ ರೆಕ್ಕೆಯ ಚಪ್ಪಲಿ ಮೆಟ್ಟುವ ಗ್ರೀಕರ ದೇವರು ಹರ್ಮೀಸ ನೆನಪಾದ. ನಗಬೇಡಿ. ಆ ದೇವರಿಗೂ ನಮ್ಮ ಚಿಕ್ಕೋಡಿಗೂ ನಂಟಿದೆ.

ಎಂಬತ್ತರ ದಶಕದ ಕೊನೆಯ ಮಾತು. ಹೊಸದಾಗಿ ಮದುವೆಯಾಗಿ ಚಿಕ್ಕೋಡಿಗೆ ಬಂದು, ಅಲ್ಲೇ ಒಂದು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದೆ. ಗ್ರೀಕ್ ದೇವತೆಗಳಿಗೆ ಪುಸ್ತಕ ಕೊಟ್ಟದ್ದು ಅರ್ಧ ಪುಟ. ಓದಿದ್ದನ್ನೆಲ್ಲ ಉದುರಿಸುವ ಉಮೇದಿನಲ್ಲಿ ನಾನದನ್ನು ವಾರಗಟ್ಟಲೆ ಎಳೆದೆ. ಮಕ್ಕಳು ಜ್ಯೂಸನನ್ನು ಜ್ಯೂಸಪ್ಪ ಮಾಡಿಕೊಂಡರು, ಹೇರಾಳನ್ನು ಹೇರವ್ವ. ಪ್ರತಿ ದೇವರಿಗೂ ಅವರ ಮೊದಲ ಪ್ರಶ್ನೆ ಒಂದೇ: ಈತ ಯಾರ ಮನೆದೇವರು, ಎಡೆ ಏನು ಹಿಡಿಯುತ್ತಾರೆ? ನನ್ನ ಪದವಿಯಲ್ಲಿ ಇದಕ್ಕೆ ಉತ್ತರವಿರಲಿಲ್ಲ.

ಹೊರಗೆ ಶ್ರಾವಣ ಹತ್ತಿರವಾಗುತ್ತಿತ್ತು. ಮದುವೆಯಾದ ಮೇಲಿನ ಮೊದಲ ನಾಗರಪಂಚಮಿ. ನಮ್ಮ ಕಡೆ ಆ ಹಬ್ಬಕ್ಕೆ ಮಗಳು ತಾನಾಗಿ ತವರಿಗೆ ಹೋಗುವುದಿಲ್ಲ, ಅಣ್ಣನೋ ತಮ್ಮನೋ ಬಂದು ಕರೆದೊಯ್ಯಬೇಕು. ನನಗೆ ಇಬ್ಬರೂ ಇಲ್ಲ. ಅಪ್ಪ ತೀರಿಹೋಗಿದ್ದರು. ರಾಯಬಾಗದಾಚೆ ಮುಗಳಖೋಡದಲ್ಲಿ ಅವ್ವ ಒಬ್ಬಳೇ. ದಾಯಾದಿ ಅಣ್ಣಂದಿರಿಗೆ ತಮ್ಮ ತಮ್ಮ ತಂಗಿಯರನ್ನು ಕರೆತರುವುದೇ ಸಾಕಾಗಿತ್ತು. ಕರೆಯಲು ಯಾರೂ ಬಾರದೆ ಹೊರಟರೆ ಮಂದಿ ಏನಂದಾರು ಎಂದು ಅತ್ತೆ ಒಂದೇ ಮಾತಿನಲ್ಲಿ ಮುಗಿಸಿದ್ದರು. ಗಂಡ ಎಂಬ ಪ್ರಾಣಿ ಪೇಪರಿನ ಹಿಂದೆ ಅಡಗಿದ್ದ. ನಾನು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತ ಅತ್ತುಬಿಟ್ಟೆ.

ಇಂಥ ಹೊತ್ತಿನಲ್ಲೇ ಪರ್ಸೆಫನಿಯ ಕಥೆ ಬರಬೇಕೇ? ಪಾತಾಳದ ದೊರೆ ಅವಳನ್ನು ಎತ್ತಿಕೊಂಡು ಹೋದ. ಬೆಳೆಯ ದೇವತೆಯಾದ ತಾಯಿ ಡಿಮೀಟರ್ ದುಃಖದಲ್ಲಿ ಕುಳಿತಳು, ಭೂಮಿಯಲ್ಲಿ ಒಂದು ಕಾಳೂ ಮೊಳೆಯಲಿಲ್ಲ. ಕೊನೆಗೆ ದೊರೆ ಅವಳ ಮಗಳನ್ನು ಬಿಡಬೇಕಾಯಿತು. ಆದರೆ ಅಲ್ಲಿ ದಾಳಿಂಬೆಯ ಕಾಳು ತಿಂದಿದ್ದಳಲ್ಲ, ಹಾಗಾಗಿ ಪ್ರತಿ ವರ್ಷ ಕೆಲವು ತಿಂಗಳು ಪಾತಾಳಕ್ಕೆ ಮರಳಲೇಬೇಕು. ಕಥೆ ಮುಗಿಸಿ ಸೀಮೆಸುಣ್ಣ ಇಡುವಷ್ಟರಲ್ಲಿ ಮುಂದಿನ ಬೆಂಚಿನ ಕಾಶವ್ವ ಎದ್ದಳು.

“ಆಕಿನ್ನ ಕರಿಯಾಕ ಯಾರ ಹೋಗಿದ್ರೀ ಅಕ್ಕಾರ?”

ದೇವತೆಗಳ ದೂತ ಹರ್ಮೀಸ ಎಂದೆ. ಅವನು ಅವಳಿಗೇನಾಗಬೇಕು ಎಂದು ಇಡೀ ವರ್ಗಕ್ಕೆ ಚಿಂತೆ. ಲೆಕ್ಕ ಹಾಕಿದೆ. ತಾಯಂದಿರು ಬೇರೆ, ಆದರೆ ಇಬ್ಬರಿಗೂ ಅಪ್ಪ ಜ್ಯೂಸನೇ.

“ಹಂಗಾರ ಅಣ್ಣನ ಆದ್ನಲ್ರಿ,” ಎಂದು ಕಾಶವ್ವ ನೆಮ್ಮದಿಯಿಂದ ಕುಳಿತಳು. ಎಲ್ಲರ ಮುಖ ಅರಳಿತು. ಮಧ್ಯಾಹ್ನದ ಬಿಡುವು ಮುಗಿಯುವಷ್ಟರಲ್ಲಿ ಹಲಗೆಯ ಮೇಲೆ ಹರ್ಮೀಸನ ಚಿತ್ರ: ತಲೆಗೆ ರುಮಾಲು, ಬಗಲಲ್ಲಿ ಹಬ್ಬದ ಸಿಹಿ ಉಂಡಿಯ ಗಂಟು, ಕಾಲಲ್ಲಿ ಕೆಂಪು ಗೊಂಡೆಯ ಕೊಲ್ಹಾಪುರಿ, ಅದಕ್ಕೆ ಕೋಳಿಯ ರೆಕ್ಕೆ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಎಲ್ಲವೂ ನಗೆಯ ನೀರಲ್ಲವೆಂದು ಮಕ್ಕಳಿಗೆ ಗೊತ್ತಾಗಲಿಲ್ಲ.

ಅತ್ತೆಗೊಂದು ರೂಢಿಯಿತ್ತು. ಶಾಲೆಯ ಮೆಟ್ಟಿಲು ಹತ್ತದವರು, ಸಂಜೆ ಜೋಳ ಹಸನು ಮಾಡುತ್ತ ನಾನು ಅಂದು ಕಲಿಸಿದ್ದನ್ನು ಹೇಳಿಸಿಕೊಳ್ಳುತ್ತಿದ್ದರು. ಅಂದು ಪಾತಾಳದ ದೊರೆಗೆ ಯಥೇಚ್ಛ ಬೈದರು, ಹೆಣ್ಣು ಕೇಳುವ ರೀತಿಯೇ ಗೊತ್ತಿಲ್ಲದವನೆಂದು. ಹರ್ಮೀಸನ ಚಿತ್ರಕ್ಕೆ ನಕ್ಕರು. ಬೆಳೆ ಬಾರದ ಮಾತಿಗೆ ಮಾತ್ರ ಮೊರದ ಮೇಲಿನ ಅವರ ಕೈ ನಿಂತಿತು. ತಾಯಿ ಅಷ್ಟು ದಿನ ಒಬ್ಬಳೇ ಕುಳಿತಿದ್ದಳೇ ಎಂದು ಕೇಳಿದರು. ಹೌದೆಂದೆ.

ಹಬ್ಬಕ್ಕೆ ಎರಡು ದಿನ ಮೊದಲು, ಬೆಳಿಗ್ಗೆ ಪಡಸಾಲೆಯಲ್ಲಿ ಕರ್ರ ಕರ್ರ ಸದ್ದು. ಅತ್ತೆ ಇಳಕಲ್ ಸೀರೆ ಉಟ್ಟು, ಹೊಸ ಕೊಲ್ಹಾಪುರಿ ಮೆಟ್ಟಿ, ಉಂಡಿಯ ಗಂಟು ಹಿಡಿದು ನಿಂತಿದ್ದರು.

“ನಿನಗ ಅಣ್ಣ ಇಲ್ಲಂದ್ರ ನಿಮ್ಮವ್ವ ಯಾಕ ಒಬ್ಬಾಕಿನ ಕುಂಡ್ರಬೇಕು? ನಡಿ, ರಾಯಬಾಗ ಬಸ್ ಹಿಡಿಯೂಣು.”

ಮಂದಿ ಏನಂದಾರು ಎಂದು ನಾನೇ ಕೇಳಿದೆ, ಮೂರ್ಖಳಂತೆ. ಅವರು ಮಡಿಲಿಂದ ಒಡೆದ ದಾಳಿಂಬೆ ತೆಗೆದು, ಕೆಲವು ಕಾಳು ಬಿಡಿಸಿ ನನ್ನ ಅಂಗೈಯಲ್ಲಿ ಹಾಕಿದರು.

“ಇಲ್ಲೇ ತಿಂದ ನಡಿ. ತಿರುಗಿ ಬರಬೇಕಲ್ಲ ನೀ.”

ತಿಂದೆ. ಅಷ್ಟು ಸಿಹಿ ದಾಳಿಂಬೆಯನ್ನು ಮತ್ತೆ ತಿಂದಿಲ್ಲ. ಮುಗಳಖೋಡದ ಓಣಿಯಲ್ಲಿ ಆ ಚಪ್ಪಲಿಯ ಸದ್ದು ನನಗಿಂತ ಮೊದಲು ಅವ್ವನನ್ನು ಮುಟ್ಟಿತು. ಬೀಗಿತ್ತಿ ತಾನೇ ಸೊಸೆಯನ್ನು ಕರೆತಂದದ್ದು ಕಂಡು ಅವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಓಡಿಬಂದಳು. ಅತ್ತೆ ಇರುವವರೆಗೂ ಪ್ರತಿ ಪಂಚಮಿಗೆ ಅವರದೇ ಕರೆ, ಹೊರಡುವ ಮುನ್ನ ಅದೇ ದಾಳಿಂಬೆ.

ಈಗ ಆ ಇಬ್ಬರೂ ಇಲ್ಲ. ಆದರೂ ಹಬ್ಬ ಬಂತೆಂದರೆ ಕಿವಿ ಬಾಗಿಲ ಕಡೆಗೇ ಇರುತ್ತದೆ. ಎಣ್ಣೆ ಶೀಶೆಯನ್ನು ಒಳಗಿಟ್ಟು ಬಂದು, ಚಪ್ಪಲಿ ಮೆಟ್ಟಿಕೊಂಡು ಅಂಗಳದಲ್ಲಿ ಒಂದು ಸುತ್ತು ಹಾಕಿದೆ. ಕರ್ರ ಕರ್ರ. ಯಾರೋ ನನ್ನನ್ನು ಕರೆಯಲು ಬಂದಂತೆಯೇ ಇತ್ತು.