ಪೈಪಿಗೆ ತೊಡಿಸಿದ ತಗಡಿನ ಅಂಗಿ

ನಮ್ಮ ಕಾರ್ಖಾನೆಯ ಪೈಪ್ ಫಿಟ್ಟರನ್ನು ಎಲ್ಲರೂ ರಸಮಟ್ಟದಣ್ಣ ಎಂದೇ ಕರೆಯುತ್ತಿದ್ದೆವು. ರಸಮಟ್ಟ, ಅಂದರೆ ಗಾಜಿನ ನಳಿಗೆಯಲ್ಲಿ ಗುಳ್ಳೆ ಓಡಾಡುವ, ಮಟ್ಟ ನೋಡುವ ಪಟ್ಟಿ, ಸದಾ ಅವರ ಜೇಬಿನಲ್ಲಿರುತ್ತಿತ್ತು. ಮೇಜು, ಮಂಚ, ಕಿಟಕಿ, ಕಂಡದ್ದರ ಮೇಲೆಲ್ಲ ಇಟ್ಟು ನೋಡುತ್ತಿದ್ದರು. ಒಮ್ಮೆ ಉಂಡು ಮಲಗಿದ್ದ ಭಾವನ ಹೊಟ್ಟೆಯ ಮೇಲೂ ಇಟ್ಟು, ಬೇಸರದಿಂದ ತಲೆಯಾಡಿಸಿದ್ದರಂತೆ. ಅಂಥ ಮನುಷ್ಯ ಸೊಟ್ಟ ಕೆಲಸ ಮಾಡಿದ ಎಂಬ ಆಪಾದನೆ ಬಂತೆಂದರೆ ನಗಬೇಕೋ ಅಳಬೇಕೋ ನೀವೇ ಹೇಳಿ.

ಕಾರ್ಖಾನೆಯ ವಸತಿಗೃಹದಲ್ಲಿ ಅವರದು ನಾಲ್ಕನೇ ಮಹಡಿ, ಗುಮಾಸ್ತನಾದ ನನ್ನದು ಮೂರನೆಯದು. ನಮ್ಮ ನಲ್ಲಿಯಲ್ಲಿ ನೀರು ದಾರದ ಹಾಗೆ ಬರುತ್ತಿತ್ತು. ಅವರಿಗೆ ಬರೀ ಬುಸ್ಸೆನ್ನುವ ಗಾಳಿ. ಅವರ ಹೆಂಡತಿಯನ್ನು ನಾನು ಅತ್ತಿಗೆ ಎನ್ನುತ್ತಿದ್ದೆ. ಹನ್ನೊಂದು ವರ್ಷ ಅತ್ತಿಗೆ ಕೊಡ ಹೊತ್ತು ಅರವತ್ತೆಂಟು ಮೆಟ್ಟಿಲು ಹತ್ತಿದ್ದರು. ಈಗ ಮಂಡಿ ಕೈಕೊಟ್ಟಿತ್ತು. ಮೆಟ್ಟಿಲ ತಿರುವಿನಲ್ಲಿ ಕೂತು ಸುಧಾರಿಸಿಕೊಳ್ಳುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು. ಕೊನೆಗೂ ಹೊಸ ಪಂಪು ಮಂಜೂರಾಗಿ, ಪೈಪು ಕೂರಿಸುವ ಕೆಲಸ ಅಣ್ಣನ ಪಾಲಿಗೇ ಬಂತು.

"ಈ ಸಲಾನೂ ನೀರು ಬರ್ಲಿಲ್ಲ ಅಂದ್ರೆ ನಾನು ಅಕ್ಕನ ಮನೆಗೆ ಹೋಗಿ ಇದ್ದುಬಿಡ್ತೀನಿ ಕಣ್ರೀ" ಎಂದರು ಅತ್ತಿಗೆ. ತಮಾಷೆಗೆ ಹೇಳಿದ್ದಲ್ಲ. ಅಕ್ಕನ ಮನೆಗೆ ಮೆಟ್ಟಿಲೇ ಇರಲಿಲ್ಲ.

ಹದಿನೈದು ದಿನ ಅಣ್ಣ ಊಟ ನಿದ್ದೆ ಬಿಟ್ಟು ದುಡಿದರು. ಪಂಪಿನ ಮೇಲೆ ಚೂರೂ ಭಾರ ಬೀಳದಂತೆ ಪೈಪುಗಳಿಗೆಲ್ಲ ಕೆಳಗಿನಿಂದ ಆಸರೆ ಕೊಟ್ಟರು. ಬೋಲ್ಟುಗಳು ಸ್ಪ್ಯಾನರಿನ ಹಂಗಿಲ್ಲದೆ ಬೆರಳಿಗೇ ಸಲೀಸಾಗಿ ಕೂರಬೇಕು, ಇಲ್ಲದಿದ್ದರೆ ಬಿಚ್ಚಿ ಮತ್ತೆ ಮೊದಲಿನಿಂದ. ನೀರು ಎಳೆದುಕೊಳ್ಳುವ ಕಡೆ, ದಪ್ಪ ಪೈಪು ಪಂಪಿನ ಸಣ್ಣ ಬಾಯಿಗೆ ಸೇರುವಲ್ಲಿ, ಒಂದು ರೆಡ್ಯೂಸರ್ ಹಾಕಿದರು. ಅದರ ಬೆನ್ನು ಸಪಾಟು, ಹೊಟ್ಟೆ ಮಾತ್ರ ಓರೆ. ಹಾಗಿದ್ದರೆ ಮೇಲ್ಗಡೆ ಗಾಳಿ ಸೇರಿಕೊಳ್ಳಲು ಜಾಗವಿರುವುದಿಲ್ಲ. ಹಳೆಯ ಪಂಪು ಗಾಳಿ ನುಂಗಿ ಕೂರುತ್ತಿದ್ದದ್ದು ಅಲ್ಲೇ.

ಪಂಪಿನ ಉದ್ಘಾಟನೆಗೆ ಕಂಪನಿಯ ಅಧ್ಯಕ್ಷರೇ ಬರುವವರಿದ್ದರು. ಅದಕ್ಕೆ ಎರಡು ದಿನ ಇರುವಾಗ ಮ್ಯಾನೇಜರ್ ಬಂದು ಕತ್ತು ವಾಲಿಸಿ ನೋಡಿದರು.

"ಇದು ಸೊಟ್ಟಗಿದೆಯಲ್ರೀ!"

"ಹಾಗೇ ಇರ್ಬೇಕು ಸಾರ್."

"ನೀರು ಹೊರಗೆ ಹೋಗೋ ಕಡೆ ನೆಟ್ಟಗಿದೆ. ಇಲ್ಲೇನು ರೋಗ?"

"ಆ ಕಡೆ ಗಾಳಿ ಕಾಟ ಇಲ್ಲ ಸಾರ್."

"ಅಧ್ಯಕ್ಷರ ಜೊತೆ ಫೋಟೋದಲ್ಲಿ ಇದೂ ಬರತ್ತೆ. ನೆಟ್ಟಗಿರೋದು ಹಾಕಿ. ಇಲ್ಲಾಂದ್ರೆ ಪಂಪು ಓಡ್ಸೋಕೆ ನಾನು ಸಹಿ ಹಾಕಲ್ಲ."

ನೆಟ್ಟಗಿರುವುದನ್ನು ಹಾಕಿದರೆ ನೀರು ಬಾರದೆ ಅತ್ತಿಗೆ ಹೊರಡುತ್ತಾರೆ; ಸೊಟ್ಟಗಿರುವುದನ್ನು ಬಿಟ್ಟರೆ ಪಂಪೇ ಓಡುವುದಿಲ್ಲ. ಮರುದಿನ ಅಣ್ಣ ತಗಡು ಕತ್ತರಿಸಿ, ಸೊಟ್ಟ ರೆಡ್ಯೂಸರಿಗೆ ನೆಟ್ಟನೆಯ ಅಂಗಿ ತೊಡಿಸಿ, ಬಣ್ಣ ಬಳಿದರು. ಮ್ಯಾನೇಜರ್ ನೋಡಿ, "ಹೇಳಿದ್ರೆ ಅರ್ಥ ಆಗತ್ತಲ್ಲ ನಿಮಗೆ!" ಎಂದು ಸಹಿ ಹಾಕಿದರು.

ಅಧ್ಯಕ್ಷರು ಬಂದು ರಿಬ್ಬನ್ ಕತ್ತರಿಸಿದರು. ಅಷ್ಟಕ್ಕೆ ಸುಮ್ಮನಿರಬಾರದೇ? ಬೆರಳ ಗೆಣ್ಣಿನಿಂದ ಸರಿಯಾಗಿ ಅದೇ ಜಾಗಕ್ಕೆ ಕುಟ್ಟಿದರು. ಢಣ್!

"ಇದೇನು, ಟೊಳ್ಳು?"

ಮ್ಯಾನೇಜರ್ ಮುಖ ಬಿಳಿಚಿಕೊಂಡಿತು. ಸುಳ್ಳಾಡಿ ಗೊತ್ತಿಲ್ಲದ ಅಣ್ಣನ ಬಾಯಿಂದ ಅದು ಹೇಗೆ ಬಂತೋ! "ಪೈಪಿಗೆ... ಚಳಿ ಆಗತ್ತೆ ಸಾರ್. ಅಂಗಿ ಹಾಕಿದೀನಿ" ಎಂದುಬಿಟ್ಟರು.

ನಾನು ಕಣ್ಣು ಮುಚ್ಚಿಕೊಂಡೆ. ಅಧ್ಯಕ್ಷರು ಗಂಭೀರವಾಗಿ ತಲೆದೂಗಿ, "ಮತ್ತೆ ಆ ಕಡೆ ಪೈಪಿಗೆ ಆಗಲ್ವಾ ಚಳಿ?" ಎಂದು ಕೇಳಿದರು.

"ಆಗತ್ತೆ ಸಾರ್, ಆಗತ್ತೆ" ಎಂದರು ಮ್ಯಾನೇಜರ್.

ಗುಂಡಿ ಒತ್ತಿದ್ದೇ ತಡ, ಪಂಪು ಒಮ್ಮೆಯೂ ಕೆಮ್ಮದೆ ಓಡಿತು. ಐದು ನಿಮಿಷಕ್ಕೆ ನಾಲ್ಕನೇ ಮಹಡಿಯ ಕಿಟಕಿಯಿಂದ ಅತ್ತಿಗೆಯ ಕೂಗು ಕೇಳಿಸಿತು: "ಬಂತು ರೀ! ನೀರು ಬಂತು!" ಅಣ್ಣ ಅಲ್ಲೇ ಕುಸಿದು ಕೂತು ಗಳಗಳ ಅತ್ತರು. ಪೈಪನ್ನು ಇಷ್ಟು ಪ್ರೀತಿಸುವವರನ್ನು ತಾವು ಕಂಡಿಲ್ಲವೆಂದು ಅಧ್ಯಕ್ಷರು ಅವರ ಬೆನ್ನು ತಟ್ಟಿದರು.

ಮುಂದಿನ ವಾರ ಆದೇಶ ಬಂತು, ಕಾರ್ಖಾನೆಯ ಸಮಸ್ತ ಪೈಪುಗಳಿಗೂ ಅಂಗಿ ತೊಡಿಸಬೇಕೆಂದು. ನಿವೃತ್ತಿಗೆ ಉಳಿದಿದ್ದ ಮೂರು ವರ್ಷ ಅಂಥ ಕೆಲಸಗಾರ ಬರೀ ತಗಡು ಕತ್ತರಿಸಿದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ದಿನ ತಡೆಯಲಾರದೆ, "ಹೋಗಿ ನಿಜ ಹೇಳಿಬಿಡಣ್ಣ" ಎಂದೆ.

"ಹೇಳಿದ್ರೆ ಬಿಚ್ಚಿಸ್ತಾರೆ" ಎಂದರು ಅಣ್ಣ, ತಗಡಿನಿಂದ ಕಣ್ಣೆತ್ತದೆ. "ಬಿಚ್ಚಿಸಿ ನೆಟ್ಟಗಿರೋದು ಹಾಕಿಸ್ತಾರೆ. ನಿನ್ನ ಅತ್ತಿಗೆ ಈಗ ಸ್ನಾನ ಮಾಡ್ತಾ ಹಾಡ್ತಾಳೆ ಕಣೋ."