ವಯೊಲೆಟ್ಟಮ್ಮನ ಫೋನು, ಹೊನ್ನಪ್ಪನ ಕಿವಿ

ಮಾಲು ಐವತ್ತು ದಾಟಿದ್ದು. ಮೈಕಟ್ಟು ಗಟ್ಟಿ, ಸವೆತ ಕಡಿಮೆ. ದನಿ ಒಂದನೇ ದರ್ಜೆ. ಫೋನಿನಲ್ಲಿ ಕೇಳಿದವರು ಮೂವತ್ತರ ಹೆಂಗಸು ಅಂದುಕೊಳ್ಳಬೇಕು. ನಾಲಿಗೆಯ ಖಾರ ಬ್ಯಾಡಗಿಯದಲ್ಲ, ಗುಂಟೂರಿನದು. ಕಣ್ಣು ಎರಡೂ ಲೆಕ್ಕಕ್ಕಿಲ್ಲ.

ವಯೊಲೆಟ್ ಎಂಬ ಹೆಂಗಸು ಬಿಳಿ ಕೋಲು ಮಡಚಿ ಎದುರಿನ ಕುರ್ಚಿಯಲ್ಲಿ ಕೂತ ದಿನ ಹೊನ್ನಪ್ಪ ಮನಸ್ಸಿನಲ್ಲೇ ಹಾಕಿದ ತೂಕ ಇದು. ಬ್ರಿಸ್ಬೇನಿನ ಕ್ಯಾಲಮ್‌ವೇಲ್ ಹತ್ತಿರ ಅವನದೊಂದು ದಿನಸಿ ಗೋಡೌನು. ರಾಗಿ ಹಿಟ್ಟು, ಮೆಣಸಿನಕಾಯಿ, ಹುರಿಗಡಲೆ, ಸಾರಿನ ಪುಡಿ ಎಲ್ಲ ಅಲ್ಲಿಂದಲೇ ಪರ್ತ್ ಮತ್ತು ಅಡಿಲೇಡಿನ ಅಂಗಡಿಗಳಿಗೂ, ಫೋರ್ಟಿಟ್ಯೂಡ್ ವ್ಯಾಲಿಯ ಹೋಟೆಲುಗಳಿಗೂ ಹೋಗುತ್ತಿತ್ತು. ಫೋನೆತ್ತಿ ಆರ್ಡರು ಹಿಡಿಯಲು ಒಬ್ಬರು ಬೇಕಿತ್ತು. ವಯೊಲೆಟ್ ಅವರ ತಮ್ಮ ವೆಸ್ಲಿ ಹಳೇ ಗಿರಾಕಿ, ಇಲ್ಲ ಅನ್ನುವ ಹಾಗಿರಲಿಲ್ಲ. ಒಂದು ತಿಂಗಳು ಇಟ್ಟುಕೊಂಡು ನಯವಾಗಿ ಸಾಗಹಾಕಿದರಾಯಿತು ಎಂದುಕೊಂಡ.

ಮೊದಲ ದಿನವೇ ಅವರು ಮಾನಿಟರ್ ಬೇಡ ಅಂದದ್ದು ಅವನಿಗೆ ಬಹಳ ಹಿಡಿಸಿತು. ಕೀಬೋರ್ಡ್ ಇದ್ದರೆ ಸಾಕು, ಉಳಿದದ್ದನ್ನು ಕಂಪ್ಯೂಟರೇ ಓದಿ ಹೇಳುತ್ತದೆ. ಫೋನೂ ಹಾಗೆಯೇ. ಬೆರಳು ಸವರಿದರೆ ಬೆರಳಡಿ ಇರುವುದನ್ನು ಅದು ಹೇಳುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಆದರೆ ಆ ಫೋನಿನ ಪರದೆ ಸದಾ ಕಪ್ಪು. ಸತ್ತುಹೋದ ಫೋನಿನ ಮೇಲೆ ಬೆರಳಾಡಿಸುತ್ತ ಕೂತಿದ್ದಾರಲ್ಲ ಎಂದು ಗೋಡೌನಿನವರು ಮೊದಮೊದಲು ಮುಸಿಮುಸಿ ನಕ್ಕರು. ಅದು ಸತ್ತಿರಲಿಲ್ಲ, ಪರದೆಯನ್ನು ಅವರೇ ಬೇಕೆಂದು ಆರಿಸಿಟ್ಟಿದ್ದರು. ತನಗೆ ಕಾಣದ್ದು ಪಕ್ಕದಲ್ಲಿ ಕೂತವರಿಗೆ ಯಾಕೆ ಕಾಣಬೇಕು ಎಂಬುದು ಅವರ ವಾದ.

ಓದುವ ದನಿಯ ವೇಗವಂತೂ ದೇವರಿಗೇ ಪ್ರೀತಿ. ಮಿಕ್ಸಿಗೆ ಒಣ ಕಡಲೆ ಹಾಕಿ ತಿರುಗಿಸಿದ ಹಾಗೆ ಇಂಗ್ಲಿಷು ಕಟಕಟ ಉದುರುತ್ತಿತ್ತು. ಇಯರ್‌ಫೋನ್ ಹಾಕಿಕೊಳ್ಳಬಾರದೇ ಎಂದು ಹೊನ್ನಪ್ಪ ಒಮ್ಮೆ ಕೇಳಿದ.

"ಕಿವಿ ಮುಚ್ಚಿಕೊಂಡ್ರೆ ಆಮೇಲೆ ನಾನು ನಿಜವಾಗಿ ಕುರುಡಿ ಮಾರಾಯ್ರೆ," ಅಂದರು. "ನಿಮ್ಮ ಫೋರ್ಕ್‌ಲಿಫ್ಟ್ ಮೈಮೇಲೆ ಬರುವುದು ಹೇಗೆ ಗೊತ್ತಾಗಬೇಕು? ಹೆದರಬೇಡಿ, ಇದು ಯಾರಿಗೂ ಅರ್ಥ ಆಗುವುದಿಲ್ಲ. ಬಸ್ಸಲ್ಲಿ ನನ್ನ ಡಾಕ್ಟರ್ ರಿಪೋರ್ಟನ್ನೇ ಕೇಳ್ತಾ ಬರ್ತೇನೆ."

ತಿಂಗಳು ಕಳೆಯಿತು. ಸಾಗಹಾಕುವ ಮಾತನ್ನು ಹೊನ್ನಪ್ಪ ಮರೆತ. ಪರ್ತಿನ ಅಂಗಡಿಯವರು ಬೆಲೆ ಕೇಳುವ ಮೊದಲು ವಯೊಲೆಟ್ಟಮ್ಮನ ಯೋಗಕ್ಷೇಮ ಕೇಳುವಂತಾಗಿತ್ತು. ಬೈಸಿಕೊಂಡವರೂ ಮತ್ತೆ ಅವರಿಗೇ ಫೋನು ಮಾಡುತ್ತಿದ್ದರು.

ಅವರು ಕುಂದಾಪುರದ ಕಡೆಯವರು. ಮದುವೆಯಾಗಿ ಮಸ್ಕತ್ತಿಗೆ ಹೋಗಿ, ಅಲ್ಲಿಂದ ಗಂಡ ಬ್ಯಾಪ್ಟಿಸ್ಟರ ಜೊತೆ ಪರ್ತಿಗೆ ಬಂದರು. ಬ್ಯಾಪ್ಟಿಸ್ಟ್ ಸ್ವಾನ್ ವ್ಯಾಲಿಯ ದ್ರಾಕ್ಷಿ ತೋಟಗಳಲ್ಲಿ ಪಂಪು, ಯಂತ್ರ ರಿಪೇರಿ ಮಾಡುತ್ತಿದ್ದರು. ಕಣ್ಣು ಮಂಜಾಗುತ್ತ ಬಂದದ್ದು ಅಲ್ಲಿ. ಅದನ್ನು ಅವರು ಗಂಡನ ಹೊರತು ಯಾರಿಗೂ ಹೇಳಲಿಲ್ಲ. ಚರ್ಚಿನಲ್ಲಿ ಯಾರನ್ನಾದರೂ ಗುರುತಿಸದೆ ಹೋದೇನು ಎಂದು ಎದುರಿಗೆ ಬಂದವರಿಗೆಲ್ಲ ನಕ್ಕರಂತೆ; ಕಂಬಕ್ಕೂ ನಕ್ಕಿದ್ದುಂಟು ಎಂದು ಅವರೇ ಹೇಳಿ ನಗುತ್ತಿದ್ದರು. ಕೊನೆಗೆ ಪರ್ತಿನಲ್ಲಿ ಕಣ್ಣಿಲ್ಲದವರಿಗೆ ತರಗತಿ ನಡೆಸುವ ಒಂದು ಸಭಾಂಗಣದಲ್ಲಿ, ತಾನೂ ಕುರುಡನಾಗಿದ್ದ ಒಬ್ಬ ಮುದುಕ ಅವರ ಕೈಗೆ ಫೋನು ಕೊಟ್ಟು ಕಲಿಸಿದ. ಮೊದಲ ದಿನ ಅದರ ಬಾಯಿ ಮುಚ್ಚಿಸುವುದೂ ತಿಳಿಯದೆ, ಅದನ್ನು ಸೆರಗಿನಲ್ಲಿ ಸುತ್ತಿ ಟಾಯ್ಲೆಟ್ಟಿನಲ್ಲಿ ಕೂತು ಅತ್ತರು. ಮುದುಕ ಹೊರಗೆ ಕಾದು ಕೂತಿದ್ದ, ಬಾಗಿಲು ತಟ್ಟಲಿಲ್ಲ. ಬ್ಯಾಪ್ಟಿಸ್ಟ್ ತೀರಿಕೊಂಡ ಮೇಲೆ ಮಗಳು ವೆನೆಸ್ಸಾ ನರ್ಸ್ ಕೆಲಸಕ್ಕೆ ಅಡಿಲೇಡಿಗೆ ಹೋದಳು, ತಾಯಿ ತಮ್ಮನ ಮನೆಗೆ ಬಂದರು.

ಇದರಲ್ಲಿ ಅರ್ಧ ಅವರು ಟೀ ಕುಡಿಯುತ್ತ ಹೇಳಿದ್ದು. ಉಳಿದರ್ಧ ಹೊನ್ನಪ್ಪನಿಗೆ ಬೇರೆ ದಾರಿಯಲ್ಲಿ ಸಿಕ್ಕಿದ್ದು.

ಹೊನ್ನಪ್ಪ ರಾಮನಗರದವನು. ಅಪ್ಪ ರೇಷ್ಮೆಗೂಡು ಕೊಳ್ಳುತ್ತಿದ್ದ. ಗೂಡಿನ ಮಾರುಕಟ್ಟೆಯಲ್ಲಿ ಹತ್ತು ಕಡೆ ಒಟ್ಟಿಗೆ ಹರಾಜು ಕೂಗುವಾಗ, ಗೂಡು ಸುರಿದ ಯಾವ ಜಾಲರಿಯ ಮುಂದೆ ಯಾರು ಎಷ್ಟು ಕೂಗಿದರು ಎಂದು ಹೇಳುವುದು ಮಗನ ಕೆಲಸವಾಗಿತ್ತು. ಗದ್ದಲದಿಂದ ಮಾತನ್ನು ಹೆಕ್ಕುವ ಆ ಕಿವಿಗೆ ಅರವತ್ತಾದರೂ ತುಕ್ಕು ಹಿಡಿದಿರಲಿಲ್ಲ. ದಿನವೂ ಪಕ್ಕದ ಮೇಜಿನಿಂದ ಕೇಳಿ ಕೇಳಿ, ಒಂದು ಮಧ್ಯಾಹ್ನ ಆ ಕಟಕಟದ ನಡುವಿನಿಂದ 'ಟ್ಯಾಮರಿಂಡ್' ಎಂಬ ಪದ ಎದ್ದು ಬಂತು. ಪರ್ತಿನವರು ಹುಣಸೆಹಣ್ಣು ಕೇಳಿದ್ದಾರೆ ಎಂದುಕೊಂಡು ಹೋಗಿ ದಾಸ್ತಾನು ನೋಡಿ ಬಂದ. ಮರುದಿನ, ಟ್ಯಾಮರಿಂಡ್ ಇವತ್ತೂ ಟೀ ಬ್ಯಾಗ್ ಎಣಿಸಿ ಇಟ್ಟಿದ್ದಾನೆ ಎಂದು ಕೇಳಿಸಿತು. ಟೀ ಬ್ಯಾಗ್ ಎಣಿಸುವವನು ಆ ಗೋಡೌನಿನಲ್ಲಿ ಒಬ್ಬನೇ ಇದ್ದ. ವಯೊಲೆಟ್ಟಮ್ಮ ಮಗಳಿಗೆ ಬರೆದದ್ದನ್ನು ಕಳಿಸುವ ಮೊದಲು ಒಮ್ಮೆ ಓದಿಸಿ ನೋಡುತ್ತಿದ್ದರು.

ಕೋಪ ಬರಬೇಕಿತ್ತು, ಬರಲಿಲ್ಲ. ತನ್ನ ಸುದ್ದಿ ಕಿವಿಗೆ ಬಿದ್ದ ಮೇಲೆ ಎದ್ದು ಹೋಗುವುದು ಹೊನ್ನಪ್ಪನ ಕೈಲಾಗುವ ಕೆಲಸವಾಗಿರಲಿಲ್ಲ. ಪರ್ತಿನ ಗಡಿಯಾರ ಎರಡು ತಾಸು ಹಿಂದೆ; ಅಲ್ಲಿನ ಅಂಗಡಿಗಳು ಬಾಗಿಲು ತೆರೆಯುವ ಮುಂಚೆ ವಯೊಲೆಟ್ಟಮ್ಮನಿಗೆ ಸ್ವಲ್ಪ ಬಿಡುವು. ಸರಿಯಾಗಿ ಆ ಹೊತ್ತಿಗೆ ಅವನಿಗೂ ಅಲ್ಲೇ ಕೂತು ಬಿಲ್ಲು ನೋಡುವ ಅಭ್ಯಾಸವಾಯಿತು. ಮಗಳು ಯಾರೊಂದಿಗೋ ಓಡಾಡುತ್ತಿರುವುದು, ವೆಸ್ಲಿಯ ಹೆಂಡತಿ ಫ್ರಿಜ್ಜಿನಲ್ಲಿ ಇವರ ಪಾಲಿಗೆ ಒಂದೇ ಶೆಲ್ಫು ಬಿಟ್ಟಿರುವುದು, ಕೆಳದವಡೆಯ ಹಲ್ಲು, ಒಣಮೀನಿನ ಚಟ್ನಿಯ ಆಸೆ, ಎಲ್ಲವೂ ಅವನಿಗೆ ತಿಳಿಯುತ್ತ ಹೋಯಿತು. ಒಂದು ದಿನ ಎಲ್ಲಿಂದಲೋ ಒಣಮೀನು ತರಿಸಿ ಮೇಜಿನ ಮೇಲಿಟ್ಟ. ಸಸ್ಯಾಹಾರಿ ಹೊನ್ನಪ್ಪನಿಗೆ ಇದು ಹೇಗೆ ಹೊಳೆಯಿತು ಎಂದು ವಯೊಲೆಟ್ಟಮ್ಮ ಬೆರಗಾದರು. ಅವನು ಬೀಗಿದ.

ಹೀಗೆ ಎರಡು ವರ್ಷ. ಒಂದು ದಿನ ಆ ದನಿ ಅಡಿಲೇಡ್ ಅಂದಿತು.

ಹೊಸದಾಗಿ ಕಣ್ಣು ಕಳಕೊಂಡವರಿಗೆ ಫೋನು, ಕಂಪ್ಯೂಟರು ಕಲಿಸುವ ಕೆಲಸ. ವೆನೆಸ್ಸಾ ಹುಡುಕಿ ಅರ್ಜಿ ಹಾಕಿಸಿದ್ದಳು. ಫೋನಿನಲ್ಲೇ ಸಂದರ್ಶನವಾಗಿ, ಅವರು ಬನ್ನಿ ಎಂದೂ ಅಂದಿದ್ದರು. ಪರ್ತಿನ ಮುದುಕ ತನಗೆ ಮಾಡಿದ್ದನ್ನು ತಾನೊಬ್ಬರಿಗೆ ಮಾಡಬಹುದು ಎಂದು ವಯೊಲೆಟ್ಟಮ್ಮ ಮಗಳಿಗೆ ಬರೆದಿದ್ದರು. ಇಲ್ಲಿ ತಾನು ಆರ್ಡರು ಹಿಡಿಯುವ ದನಿ ಮಾತ್ರ, ಮನುಷ್ಯಳೆಂದು ಯಾರೂ ಒಂದು ಮಾತು ಕೇಳಿದ್ದಿಲ್ಲ; ಕೇಳಿದ್ದರೆ, ಆಗಾಗ ನಿನ್ನನ್ನು ನೋಡಿ ಬರಲು ಬಿಟ್ಟಿದ್ದರೆ, ಈ ವಯಸ್ಸಿನಲ್ಲಿ ಊರು ಬದಲಿಸುವ ಯೋಚನೆ ಮಾಡುತ್ತಿರಲಿಲ್ಲ ಎಂದೂ ಬರೆದಿದ್ದರು.

ಹೊನ್ನಪ್ಪನ ಅಜ್ಜ ಎತ್ತಿನ ವ್ಯಾಪಾರಿ. ಸಂತೆಯಲ್ಲಿ ಕೊಳ್ಳುವವನೂ ಮಾರುವವನೂ ಟವೆಲ್ಲಿನ ಕೆಳಗೆ ಕೈ ಹಿಡಿದು ಬೆರಳಲ್ಲೇ ದರ ಹೇಳುವ ಕಾಲ. ಎಂಥ ಕದೀಮ ದಲ್ಲಾಳಿಯಾದರೂ ಇನ್ನೊಬ್ಬರ ಟವೆಲ್ ಎತ್ತಿ ನೋಡುತ್ತಿರಲಿಲ್ಲ. ಹೊನ್ನಪ್ಪನಿಗೆ ಆ ಹೊತ್ತಿನಲ್ಲಿ ಅಜ್ಜನ ನೆನಪು ಬಂತು. ಬಂದರೂ, ವಯೊಲೆಟ್ಟಮ್ಮ ಯಾವ ದರಕ್ಕೆ ನಿಲ್ಲುತ್ತಾರೆ ಎಂಬುದು ಈಗ ಚೆನ್ನಾಗಿ ಗೊತ್ತಿತ್ತಲ್ಲ.

ಆ ವಾರವೇ ಅವರನ್ನು ಮ್ಯಾನೇಜರ್ ಮಾಡಿದ. ಯಾವ ಸರಕು ತರಿಸಬೇಕು ಎಂದು ಅವರನ್ನು ಕೇಳಿದ, ಹೇಳಿದ್ದನ್ನು ತರಿಸಿದ. ಅಡಿಲೇಡಿನ ಗಿರಾಕಿಗಳನ್ನು ಆಗಾಗ ಹೋಗಿ ನೋಡಿಕೊಂಡು ಬನ್ನಿ, ಹಾಗೇ ಮಗಳ ಮನೆಯಲ್ಲಿ ನಾಲ್ಕು ದಿನ ಇದ್ದು ಬನ್ನಿ ಅಂದ. ಬಾಗಿಲಿಗೆ ಹಿತ್ತಾಳೆಯ ಫಲಕ ಮಾಡಿಸಿ, ಬ್ರೈಲ್ ಚುಕ್ಕೆಗಳಲ್ಲಿ ಅವರ ಹೆಸರು ಹಾಕಿಸಿ, ತಾನೇ ಮೊಳೆ ಹೊಡೆದ. ವಯೊಲೆಟ್ಟಮ್ಮ ಅದರ ಮೇಲೆ ಎರಡೆರಡು ಸಲ ಬೆರಳಾಡಿಸಿದರು.

"ಸರ್, ಇದು ತಲೆಕೆಳಗೆ ಉಂಟು," ಅಂದರು. ತೆಗೆಯಲು ಹೋದರೆ ಬಿಡಲಿಲ್ಲ. "ಇರಲಿ ಬಿಡಿ. ಓದುವವಳು ನಾನೊಬ್ಬಳೇ ಅಲ್ವಾ."

ಬುಧವಾರ ಮಧ್ಯಾಹ್ನ ಅವರು ಮಗಳಿಗೆ ಬರೆದು, ಎಂದಿನಂತೆ ಓದಿಸಿ ಕೇಳಿದರು. ಅಡಿಲೇಡಿನವರಿಗೆ ಬರುವುದಿಲ್ಲ ಎಂದು ತಿಳಿಸಿದ್ದೇನೆ. ಟ್ಯಾಮರಿಂಡ್ ಜುಗ್ಗನೇ ಸೈ, ಆದರೆ ನಾನು ಬಾಯಿ ಬಿಡದೆಯೇ ಇಷ್ಟೆಲ್ಲ ಯೋಚಿಸಿದ್ದಾನೆ. ಅಂಥವನನ್ನು ಬಿಟ್ಟು ಹೋಗಲು ಮನಸ್ಸು ಒಪ್ಪುವುದಿಲ್ಲ.

ಹೊನ್ನಪ್ಪನ ಕೈಯಲ್ಲಿ ಟೀ ಇತ್ತು. ಗೆದ್ದವನಿಗೆ ಆಗಬೇಕಾದ ಖುಷಿಗಾಗಿ ಸ್ವಲ್ಪ ಹೊತ್ತು ಕಾದ. ಬಂದದ್ದು ಅದಲ್ಲ. ಕತ್ತಿನಿಂದ ಕಿವಿಯವರೆಗೆ ಬಿಸಿ ಏರಿತು. ಎದುರಿಗಿದ್ದವರಿಗೆ ತನ್ನ ಮುಖ ಕಾಣುವುದಿಲ್ಲ ಎಂಬ ಸಮಾಧಾನವೊಂದು ಬಂತು, ಅದಕ್ಕಾಗಿ ಇನ್ನಷ್ಟು ನಾಚಿಕೆಯಾಯಿತು. ಗುರುವಾರ ಹೇಳಿಬಿಡಬೇಕೆಂದು ಅವರ ಮೇಜಿನ ತನಕ ಹೋಗಿ, ಕಾಳುಮೆಣಸಿನ ಬೆಲೆ ಕೇಳಿ ವಾಪಸು ಬಂದ. ಶುಕ್ರವಾರ ಅಷ್ಟು ದೂರವೂ ಹೋಗಲಿಲ್ಲ.

ಭಾನುವಾರ ಊರಿನ ಕನ್ನಡದವರೆಲ್ಲ ಪಾರ್ಕಿನಲ್ಲಿ ಬಾರ್ಬೆಕ್ಯೂ ಊಟಕ್ಕೆ ಸೇರಿದ್ದರು. ಮೈಕು ಸದಾ ಉದಯಶಂಕರನ ಕೈಯಲ್ಲಿ. ಅವನಿಗೆ ಯಾರನ್ನಾದರೂ ಸನ್ಮಾನಿಸದೆ ಊಟ ಸೇರದು. ಫಲಕದ ಸುದ್ದಿ ಅವನಿಗೆ ಮುಟ್ಟಿತ್ತು. ಹೊನ್ನಪ್ಪನನ್ನು ಎದುರಿಗೆ ಎಳೆದು, ಶಾಲು ಹೊದಿಸಿ, ಕೈಗೆ ಹಣ್ಣಿನ ಬುಟ್ಟಿ ಕೊಟ್ಟು, ಕಣ್ಣಿಲ್ಲದವರ ಕಣ್ಣು ಎಂದು ಹೊಗಳಿದ. ಆಮೇಲೆ ಮೈಕನ್ನು ವಯೊಲೆಟ್ಟಮ್ಮನಿಗೆ ಕೊಟ್ಟ.

"ಇವರು ಟೀ ಬ್ಯಾಗ್ ಎಣಿಸುವ ಮನುಷ್ಯ," ಎಂದು ಅವರು ಶುರುಮಾಡಿದಾಗ ಎಲ್ಲರೂ ನಕ್ಕರು. "ಆದರೆ ನನ್ನ ಮನಸ್ಸಲ್ಲಿ ಎಂತ ಉಂಟು ಅಂತ ನನ್ನ ಗಂಡನಿಗೂ ಇಷ್ಟು ಗೊತ್ತಾಗ್ತಿರಲಿಲ್ಲ. ಕೇಳದೇ ತಿಳ್ಕೊಳ್ಳುವವರು ಎಷ್ಟು ಜನ ಇದ್ದಾರೆ ಹೇಳಿ."

ಚಪ್ಪಾಳೆ ಬಿತ್ತು. ಹೊನ್ನಪ್ಪ ಹಣ್ಣಿನ ಬುಟ್ಟಿಯಲ್ಲಿ ಮುಖ ಹುದುಗಿಸುವುದೊಂದು ಬಾಕಿ.

ವೆಸ್ಲಿಗೆ ಪಾತ್ರೆ ಸಾಗಿಸುವ ಕೆಲಸವಿತ್ತು, ಹಾಗಾಗಿ ವಯೊಲೆಟ್ಟಮ್ಮನನ್ನು ಮನೆಗೆ ಬಿಡುವುದು ಹೊನ್ನಪ್ಪನ ಪಾಲಿಗೆ ಬಂತು. ಕಾರು ಹೊರಟು ಸ್ವಲ್ಪ ದೂರ ಹೋಗಿತ್ತು. ಅವರ ತೊಡೆಯ ಮೇಲಿನ ಫೋನು ಕಟಕಟ ಅಂದಿತು. ವೆನೆಸ್ಸಾ ಬರೆದಿದ್ದಳು: ಶಾಲು ಹೊದಿಸಿದಾಗ ಟ್ಯಾಮರಿಂಡ್ ಅತ್ತನಾ? ಮಮ್ಮಿ, ನಾಳೆ ಬೆಳಿಗ್ಗೆ ಒಂದು ಸಲ ಅಡಿಲೇಡಿನವರಿಗೆ ಫೋನ್ ಮಾಡು, ಇನ್ನೂ ಯಾರಿಗೂ ಕೊಟ್ಟಿರಲಿಕ್ಕಿಲ್ಲ. ಕೊನೇ ಸಲ ಕೇಳ್ತಿದ್ದೇನೆ.

ಹೊನ್ನಪ್ಪ ಕಾರನ್ನು ಪಕ್ಕಕ್ಕೆ ತಂದು ನಿಲ್ಲಿಸಿದ.

"ಅಳಲಿಲ್ಲ ಅಂತ ಬರೀರಿ ವಯೊಲೆಟ್ಟಮ್ಮ," ಅಂದ. "ನಾಳೆ ಫೋನ್ ಮಾಡ್ತೀನಿ ಅಂತಾನೂ ಬರೀರಿ."

ಫೋನಿನ ಮೇಲಿದ್ದ ಬೆರಳು ಅಲ್ಲೇ ನಿಂತಿತು. ಪಕ್ಕದಲ್ಲಿ ಕಾರುಗಳು ಹೋಗುತ್ತಿದ್ದವು. ಅವರು ಮೊದಲು ಕೇಳಿದ್ದು, ಎಂದಿನಿಂದ ಎಂದು. ಎರಡು ವರ್ಷವಾಯಿತು ಅಂದ. ಏನೇನು ಎಂದು ಕೇಳಿದರು. ಹಲ್ಲು, ಫ್ರಿಜ್ಜು, ವೆನೆಸ್ಸಾಳ ಹುಡುಗ ಎಂದು ಅವನು ಶುರುಮಾಡುತ್ತಲೇ ಕೈ ಎತ್ತಿ ಸಾಕು ಅಂದರು. ಅವರ ಮುಖ ಕಿಟಕಿಯ ಕಡೆ ತಿರುಗಿತು.

"ಒಣಮೀನು?"

"ಅದೂನೂ."

"ಅಡಿಲೇಡ್?"

ಹೊನ್ನಪ್ಪ ಹೂಂ ಅಂದ. ದನಿ ಹೊರಟಿತೋ ಇಲ್ಲವೋ ಎಂದು ಇನ್ನೊಮ್ಮೆ ಹೂಂ ಅಂದ.

"ಹಾಗಾದ್ರೆ ನನ್ನ ರೇಟು ಗೊತ್ತಿಟ್ಟುಕೊಂಡೇ ವ್ಯಾಪಾರಕ್ಕೆ ಕೂತಿದ್ರಿ," ಅಂದರು. ಸಿಟ್ಟಿನ ದನಿಯಲ್ಲ, ಯಾವುದೋ ಆರ್ಡರು ತಿರುಗಿ ಹೇಳಿ ಖಾತ್ರಿ ಮಾಡಿಕೊಳ್ಳುವ ದನಿ. "ನೋಡುವವರು ನೋಡಬಾರದು ಅಂತ ಪರದೆ ಆರಿಸಿ ಇಟ್ಟೆ. ಕಿವಿ ಇರುವವರ ಯೋಚನೆಯೇ ಬರಲಿಲ್ಲ ನೋಡಿ. ಈಗ ಬಸ್ಸಲ್ಲಿ ಬಂದ ಒಂದೊಂದು ದಿನವೂ ನೆನಪಾಗ್ತಾ ಉಂಟು ನನಗೆ."

ಅವರ ಮುಖ ಕತ್ತಿನ ತನಕ ಕೆಂಪಾಗಿತ್ತು. ತಪ್ಪು ಮಾಡಿದವನು ತಾನು, ಸೆರಗು ಸರಿಪಡಿಸಿಕೊಳ್ಳುತ್ತಿರುವವರು ಅವರು. ಹೊನ್ನಪ್ಪನಿಗೆ ಅದನ್ನು ನೋಡಲಾಗಲಿಲ್ಲ. ಕಣ್ಣನ್ನು ರಸ್ತೆಗೆ ತಿರುಗಿಸಿ ಕಾರು ಹೊರಡಿಸಿದ.

ಸೋಮವಾರ ವಯೊಲೆಟ್ಟಮ್ಮ ಕೆಲಸಕ್ಕೆ ಬಂದರು. ಬಂದವರೇ ಹೊನ್ನಪ್ಪನನ್ನು ಕರೆದು ಎದುರಿಗೆ ಕೂರಿಸಿಕೊಂಡು, ಸ್ಪೀಕರ್ ಹಾಕಿ, ಅಡಿಲೇಡಿಗೆ ಫೋನು ಮಾಡಿದರು. ಇದನ್ನು ಕದ್ದು ಕೇಳುವುದು ಬೇಡ, ಎದುರಿಗೇ ಕೇಳಿ ಅಂದರು. ಆ ಕಡೆಯ ಹೆಂಗಸು ಬಹಳ ವಿನಯದಿಂದ ಮಾತಾಡಿದಳು. ನಿಮ್ಮ ಮನಸ್ಸು ಬದಲಾದೀತೆಂದು ಶುಕ್ರವಾರ ಸಂಜೆಯವರೆಗೂ ಕಾದಿದ್ದೆವು, ಆಮೇಲೆ ಇನ್ನೊಬ್ಬರಿಗೆ ಕೊಟ್ಟೆವು, ಮುಂದೆ ಜಾಗ ಖಾಲಿಯಾದರೆ ಖಂಡಿತ ತಿಳಿಸುತ್ತೇವೆ ಅಂದಳು. ವಯೊಲೆಟ್ಟಮ್ಮ ಅಷ್ಟೇ ವಿನಯದಿಂದ ವಂದನೆ ಹೇಳಿ ಫೋನು ಇಟ್ಟರು. ಗುರುವಾರದ ಕಾಳುಮೆಣಸಿನ ಬೆಲೆ ಹೊನ್ನಪ್ಪನಿಗೆ ಆಗ ತಿಳಿಯಿತು.

ಅವತ್ತಿನಿಂದ ಅವರು ಒಂದು ಕಿವಿಗೆ ಇಯರ್‌ಫೋನ್ ಹಾಕಿದರು. ಮೇಜಿನ ಹತ್ತಿರ ಬರುವಾಗ ಫೋರ್ಕ್‌ಲಿಫ್ಟಿನ ಹಾರ್ನ್ ಹೊಡೆಯಬೇಕೆಂದು ಹೊನ್ನಪ್ಪ ತಾಕೀತು ಮಾಡಿದ. ಅದಿತಿ ಎಂಬ ಹೊಸ ಹುಡುಗಿಗೆ ಗಿರಾಕಿಗಳ ಗುಣ, ಅವಗುಣ ಎಲ್ಲ ಕಲಿಸಿಕೊಟ್ಟು, ತಿಂಗಳ ಕೊನೆಗೆ ಅವರು ಅಡಿಲೇಡಿಗೆ, ಮಗಳ ಮನೆಗೆ, ಕೆಲಸವಿಲ್ಲದೆ ಹೊರಟರು. ಕೊನೆಯ ದಿನ ಹೊನ್ನಪ್ಪ ಕೈಕಟ್ಟಿ ಎದುರಿಗೆ ನಿಂತ. ಅವನು ಬಾಯಿ ತೆರೆಯುವ ಮುಂಚೆ ಅವರೇ ಹೇಳಿದರು.

"ಕ್ಷಮೆ ಕೇಳಬೇಡಿ ಸರ್. ಕೇಳಿದ್ರೆ ನಾನು ಕೊಟ್ಟುಬಿಡ್ತೇನೆ. ಅಷ್ಟು ಸಸ್ತಾದಲ್ಲಿ ಮುಗಿಸುವುದು ಬೇಡ."

ಅವನು ಕೇಳಲಿಲ್ಲ. ಅಡಿಲೇಡಿನಲ್ಲಿ ಅವರಿಗೆ ಕೆಲಸ ಸಿಕ್ಕಿತೋ ಇಲ್ಲವೋ, ಹಲ್ಲು ಕೀಳಿಸಿಕೊಂಡರೋ ಇಲ್ಲವೋ ಹೊನ್ನಪ್ಪನಿಗೆ ತಿಳಿಯದು. ತಿಳಿಯುವ ಹಕ್ಕೂ ಅವನಿಗಿಲ್ಲ. ವಯೊಲೆಟ್ಟಮ್ಮನಿಗೆ ಅವನು ಕೊಡಬೇಕಾದದ್ದು ಅಡಿಲೇಡಿನ ಒಂದು ಕೆಲಸ. ಅದು ಅವನ ಗೋಡೌನಿನಲ್ಲಿ ಇಲ್ಲ.