ಮುಡಿಪು ಕಟ್ಟಿದ ಕೊರಳಪಟ್ಟಿ

ಕತ್ತಿನ ಮೂಳೆ ಮುರಿಯಬಹುದಿತ್ತು. ನರ ತುಂಡಾಗಿ ಬಲಗೈ ಬಿದ್ದುಹೋಗಬಹುದಿತ್ತು. ಎದುರಿಗೆ ಬಂದವರನ್ನಷ್ಟೇ ನೋಡುತ್ತಾ ಉಳಿದ ಆಯುಸ್ಸು ಕಳೆಯಬೇಕಾಗಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಗಂಗಮ್ಮನಿಗೆ ನಾನು ಹೊರಬೇಕಾದ ತಂಬಿಟ್ಟಿನ ದೀಪವನ್ನು ಈ ವರ್ಷ ನನ್ನ ಓರಗಿತ್ತಿ ನಾಗವೇಣಿ ಹೊತ್ತು, ಸಾಯುವ ತನಕ ಅದನ್ನೇ ಹೇಳಿಕೊಂಡು ತಿರುಗಬಹುದಿತ್ತು. ತಾಯಿಯ ಒಕ್ಕಲಿನವರೇ, ಇದನ್ನೆಲ್ಲ ನಾನು ಆಟೋದಿಂದ ಇಳಿಯುವ ಮೊದಲೇ ಯೋಚಿಸಿ ಮುಗಿಸಿದ್ದೆ.

ಸಂಕ್ರಾಂತಿ ಕಳೆದ ವಾರ ಬಂಗಾರಪೇಟೆಯ ರೈಲ್ವೆ ಗೇಟಿನಲ್ಲಿ ನಮ್ಮ ಆಟೋ ನಿಂತಿತ್ತು. ಹಿಂದಿನಿಂದ ಹಾಲಿನ ವ್ಯಾನ್ ಗುದ್ದಿತು. ರಕ್ತವಿಲ್ಲ, ಗಾಯವಿಲ್ಲ, ತಲೆ ಹಿಂದಕ್ಕೆ ಹೋಗಿ ರಪ್ಪನೆ ಮುಂದಕ್ಕೆ ಬಂತು, ಅಷ್ಟೇ. ಮಾರನೆಯ ಬೆಳಿಗ್ಗೆ ಕತ್ತು ಹಲಗೆಯಂತಾಗಿತ್ತು. ಎಕ್ಸ್‌ರೇ ನೋಡಿದ ಡಾಕ್ಟರು, "ಮೂಳೆ ಚೆನ್ನಾಗಿದೆ, ಒಳಗೆ ಉಳುಕಿದೆ. ಕೊರಳಿಗೆ ಈ ಪಟ್ಟಿ ಎರಡು ಮೂರು ದಿನ ಸಾಕು, ಆಮೇಲೆ ಕತ್ತು ಆಡಿಸಬೇಕು" ಎಂದು ನೋವಿನ ಮಾತ್ರೆ ಕೊಟ್ಟು ಫಿಸಿಯೋಥೆರಪಿಗೆ ಬರೆದರು.

ನಾನು ಮಾಡಿದ್ದೇನು? ಊರಿಗಾಂನ ಗಣಿ ಲೈನಿನ ಮನೆಗೆ ಬಂದವಳೇ ಅರಿಶಿನದ ಬಟ್ಟೆಯಲ್ಲಿ ನಾಣ್ಯ ಸುತ್ತಿ, ದೀಪ ಹೊರಿಸು ತಾಯೀ ಎಂದು ಮುಡಿಪು ಕಟ್ಟಿದೆ. ದೇವರ ಗೂಡಿನಲ್ಲಿಡುವುದು ಬಿಟ್ಟು, ನೋವಿನ ಜಾಗ ಅವಳಿಗೆ ಗೊತ್ತಾಗಲೆಂದು ಕೊರಳಪಟ್ಟಿಗೇ ಕಟ್ಟಿದೆ. ಹರಕೆ ತೀರುವ ತನಕ ಮುಡಿಪನ್ನು ಕಟ್ಟಿದ ಜಾಗದಿಂದ ತೆಗೆಯುವಂತಿಲ್ಲ. ಪಟ್ಟಿ ತೆಗೆಯದೆ ಕತ್ತು ಆಡುವಂತಿಲ್ಲ. ಕತ್ತು ಆಡದೆ ದೀಪ ಹೊರುವಂತಿಲ್ಲ.

ವಾರಗಳು ಕಳೆದವು. ಫಿಸಿಯೋಥೆರಪಿಯ ಹುಡುಗಿ, "ಅಮ್ಮಾ, ಇನ್ನೂ ಹಾಕ್ಕೊಂಡೇ ಇದ್ದೀರಾ? ಕತ್ತು ಬಿಗಿದುಹೋಗತ್ತೆ" ಎಂದು ಗದರಿದಳು. ಪಕ್ಕದ ಮನೆಯವರು ಎಣ್ಣೆ ತಿಕ್ಕಿಸು ಎಂದರು, ಎದುರು ಮನೆಯವರು ನೆಟಿಕೆ ತೆಗೆಸು ಎಂದರು. ಕತ್ತು ಒಂದು, ವೈದ್ಯರು ಬೀದಿ ತುಂಬ.

"ಬಸ್ಸಲ್ಲಿ ನಿನ್ ಪಕ್ಕ ಕುಂತ್ರೆ ಕಂಬದ್ ಜತೆ ಮಾತಾಡ್ದಂಗಾಯ್ತದೆ ಕಣೇ" ಎಂದರು ಯಜಮಾನರು.

ನಾಗವೇಣಿಯಂತೂ, "ಅಕ್ಕಾ, ಈ ಸಲ ದೀಪ ನಾನೇ ಒತ್ತೀನಿ ಬುಡು. ನೀನು ಕುರ್ಚಿ ಆಕ್ಕೊಂಡು ನೋಡೀವಂತೆ" ಎಂದಳು. ಅವಳನ್ನು ದುರುಗುಟ್ಟಿ ನೋಡಲೂ ನಾನು ಇಡೀ ಮೈ ತಿರುಗಿಸಬೇಕಾಯಿತು.

ಕೊನೆಗೆ ಸಿಟ್ಟಿನಿಂದಲೇ ಊರಿನ ಗಂಗಮ್ಮನ ಗುಡಿಗೆ ಹೋದೆ. "ನಿನಗೆ ದೀಪ ಬೇಕೋ ಬೇಡವೋ?" ಎಂದು ತಾಯಿಯ ಮುಂದೆ ಅತ್ತೆ. ಪೂಜಾರಪ್ಪ ನನ್ನ ಕೊರಳು ನೋಡಿದರು.

"ಮುಡಿಪು ಅಮ್ಮಂದಾ, ನಿಂದಾ?"

"ಅಮ್ಮಂದು."

"ಮತ್ತೆ ನೀನ್ಯಾಕೆ ಒತ್ಕೊಂಡು ತಿರುಗ್ತೀಯ? ಪಟ್ಟಿ ಸಮೇತ ಅವಳ್ಗೇ ಕೊಡು."

ಪಟ್ಟಿ ಬಿಚ್ಚಿ ಕೊಟ್ಟೆ. ಅವರು ಅದನ್ನು ತಾಯಿಯ ತ್ರಿಶೂಲಕ್ಕೆ ತಗುಲಿಸಿದರು. ಆ ಕ್ಷಣಕ್ಕೆ ಅವಳ ಬಲ ಭುಜದಿಂದ ಕನಕಾಂಬರದ ಹೂವು ಜಾರಿತು.

"ಬಲಗಡೆ ಕೊಟ್ಲು ನೋಡಮ್ಮಾ!" ಎಂದರು ಪೂಜಾರಪ್ಪ.

ನೋಡಿದೆ. ನೋಯಿತು, ಆದರೆ ತಿರುಗಿದ್ದು ಮೈಯಲ್ಲ, ಕತ್ತು.

ಭಯವನ್ನು ತಾಯಿ ಇಟ್ಟುಕೊಂಡಳು, ವ್ಯಾಯಾಮವನ್ನು ನನಗೆ ಬಿಟ್ಟಳು. ದಿನವೂ ಬಿಸಿ ಬಟ್ಟೆಯ ಶಾಖ, ಮೆಲ್ಲಗೆ ಎಡಕ್ಕೆ ಬಲಕ್ಕೆ, ಗದ್ದ ಒಳಕ್ಕೆ. ಹಬ್ಬದ ಹೊತ್ತಿಗೆ ಫಿಸಿಯೋಥೆರಪಿಯ ಹುಡುಗಿಯೇ, "ಚಿಕ್ಕ ದೀಪ ಆದ್ರೆ ಹೊರಿ" ಎಂದಳು.

ಹೊತ್ತೆ. ಹಲಗೆ ವಾದ್ಯದ ಸದ್ದಿಗೆ ಹೆಜ್ಜೆ ಹಾಕುತ್ತಾ ಗುಡಿಯವರೆಗೂ ಹೊತ್ತೆ. ತಾಯಿ ಕೈಬಿಡುವವಳಲ್ಲ, ಇನ್ನು ನನಗೆ ಅನುಮಾನವಿಲ್ಲ. ಬಾಗಿಲ ಹತ್ತಿರ ನಾಗವೇಣಿ ನನ್ನ ಬಲಕ್ಕಿದ್ದಳು. ಕತ್ತು ಎಷ್ಟು ಚೆನ್ನಾಗಿ ತಿರುಗುತ್ತದೆಂದು ಅವಳಿಗೆ ತೋರಿಸಲು ಹೋದೆ. ಒಂದು ತೊಟ್ಟು ಬಿಸಿ ತುಪ್ಪ ಭುಜದ ಮೇಲೆ ಬಿದ್ದು ಸಾಸಿವೆಯಷ್ಟು ಬೊಬ್ಬೆ ಎದ್ದಿತು.